ಬಾಣಂತಿಗೆ ಬಂದ ಕೋಳಿ

ಸ್ವೀಡನ್ನಿನ ಲುಂಡ್‌ನಲ್ಲಿ ನನ್ನ ಮಗಳ ಕೆಳಮನೆಯಾಕೆ ಉಗಾಂಡಾದವಳು. ತನ್ನೂರಿನ ಹಾಗೇ ಹಿತ್ತಲಲ್ಲಿ ಮುಸುಕಿನ ಜೋಳಕ್ಕೆ ಬೀನ್ಸ್ ಹಬ್ಬಿಸಿ, ಕೊಯ್ಲಾದ ಪಾತಿಗೆ ಕೋಳಿ ಬಿಡುತ್ತಿದ್ದಳು. “ಕೆದಕಲಿ ಬಿಡು, ಮಣ್ಣಿಗೂ ಉಸಿರು ಬೇಕು,” ಎನ್ನುವುದು ಅವಳ ಮಾತು. ಅದನ್ನು ಕನ್ನಡದಲ್ಲಿ ನನಗೆ ದಾಟಿಸುವವಳು ಮಗಳು.

ಮೊಮ್ಮಗಳು ಹುಟ್ಟಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಆ ವಾರವೇ ಕೆಳಮನೆಯಾಕೆ ಮೊಟ್ಟೆಯಿಡುವ ಕೋಳಿಯೊಂದನ್ನು ಕಂಕುಳಲ್ಲಿ ಅವಚಿಕೊಂಡು ಬಂದಳು. ಬಾಣಂತಿಗೆ ಕೋಳಿ ಕೊಡುವುದು ಅವರ ರೂಢಿಯಂತೆ.

“ಅಮ್ಮಾ, ಫ್ಲಾಟಲ್ಲಿ ಕೋಳಿ ಎಲ್ಲಿಡೋದು? ಬೇಡ ಅಂದ್ರೆ ಪಾಪ, ನೊಂದ್ಕೋತಾರೆ,” ಎಂದು ಮಗಳು ಪಿಸುಗುಟ್ಟಿದಳು.

“ಪಾಲಿಗೆ ಸಾಕಿಕೊಡು ಅನ್ನು. ಕೋಳಿ ಮಗೂದು, ಹಿತ್ತಲು ಅವಳ್ದು, ಮರಿ ಅರ್ಧರ್ಧ.”

ಮಗಳು ಹೇಳಿದಳು. ಕೆಳಮನೆಯಾಕೆ ನನ್ನ ಬೆನ್ನು ತಟ್ಟಿ ನಕ್ಕಳು. “ನಮ್ಮಮ್ಮನೂ ಹಾಗೇ ಸಾಕಿಸ್ತಿದ್ದಳು,” ಅಂದಳಂತೆ.

ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಪರ್ಸನ್‌ನಂಬರು, ಮಗುವಿಗೆ ಇನ್ನೂ ಬಂದಿರಲಿಲ್ಲ. ಆಗಲೇ ಅದು ಕೋಳಿಯ ಒಡತಿಯಾಯಿತು.