ಪಲ್ಲವಿಯ ಎರಡನೆಯ ಅಸೆಸ್‌ಮೆಂಟ್

ಯುಕೆಜಿ ಟೀಚರ್ ನನ್ನನ್ನು ಕರೆಸಿದರು. ಮೊಮ್ಮಗಳು ಪಲ್ಲವಿ ಸ್ಲೋ, ಹೇಳಿದ್ದು ಅವಳಿಗೆ ತಿಳಿಯುವುದಿಲ್ಲ ಎಂದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹಿಂದಿ. ಅದಕ್ಕೇ ಗೊಂದಲ, ಇನ್ನು ಮನೆಯಲ್ಲೂ ಇಂಗ್ಲಿಷ್ ಮಾತ್ರ ಆಡಿ ಎಂದರು.

ನಾನು ಮೂವತ್ತು ವರ್ಷ ವಾರ್ಡ್ ಸಿಸ್ಟರ್ ಆಗಿದ್ದವಳು. ಆರ್ಡರ್ ಎಂದರೆ ಆರ್ಡರ್. ಅಂದೇ ಸಂಜೆ ಸನತ್‌ನಗರದ ನಮ್ಮ ಮನೆಯಲ್ಲಿ ಕನ್ನಡ ಬಂದ್ ಆಯಿತು. ಊಟಕ್ಕೆ "ಕಮ್, ಈಟ್." ಮಲಗಲು "ಗೋ, ಸ್ಲೀಪ್." ಗುಲ್ಬರ್ಗಾದಿಂದ ಬಂದಿದ್ದ ತಂಗಿ ನಕ್ಕಳು.

"ಅಕ್ಕಾ, ಕೂಸಿನ ಕೂಡ ಮಾತಾಡಾಕತ್ತೀಯೋ, ಕವಾಯತು ಮಾಡಸಾಕತ್ತೀಯೋ?"

ನಾನು ನಗಲಿಲ್ಲ.

ಏಳು ತಿಂಗಳಲ್ಲಿ ಪಲ್ಲವಿ ಮಾತು ಬಿಟ್ಟಳು.

ಶಾಲೆಯವರು ಅವಳ ಬುದ್ಧಿಮಟ್ಟದ ಅಸೆಸ್‌ಮೆಂಟ್ ಮಾಡಿಸಿದರು; ಅದು ಇಂಗ್ಲಿಷಿನಲ್ಲಿ ನಡೆಯಿತು. ರಿಪೋರ್ಟಿನಲ್ಲಿ 'ಎಂ.ಆರ್., ರೂಲ್ ಔಟ್' ಎಂದಿತ್ತು. ಬುದ್ಧಿಮಾಂದ್ಯ ಇದೆ ಎಂದಲ್ಲ, ಇದೆಯೋ ಇಲ್ಲವೋ ಪರೀಕ್ಷಿಸಿ ಎಂದು ಅದರ ಅರ್ಥ. ವಾರ್ಡಿನಲ್ಲಿ ನಾನೇ ದಿನಾ ಓದುತ್ತಿದ್ದ ಮಾತು. ಮೊಮ್ಮಗಳ ಹೆಸರಿನ ಕೆಳಗೆ ಕಂಡಾಗ ನನಗೂ ತೀರ್ಪಿನಂತೆ ಕಂಡಿತು. ಶಾಲೆಯವರಿಗಂತೂ ಅದು ತೀರ್ಪೇ. ಒಂದನೇ ಕ್ಲಾಸಿಗೆ ಸೀಟಿಲ್ಲ, ಸ್ಪೆಷಲ್ ಸ್ಕೂಲ್ ನೋಡಿಕೊಳ್ಳಿ ಎಂದುಬಿಟ್ಟರು.

ಸೊಸೆ ಸುಮಾ ಅಡುಗೆಮನೆಯಲ್ಲಿ ನಿಂತೇ ಅತ್ತಳು.

ಮರುವಾರ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ತೆಲುಗಿನ ಹುಡುಗಿ, ನನ್ನ ಸರ್ವಿಸಿನಷ್ಟು ಅವಳ ವಯಸ್ಸಿರಲಿಲ್ಲ. ರಿಸೆಪ್ಟಿವ್ ಎಂದರೆ ಮಗು ಕೇಳಿ ಗ್ರಹಿಸುವುದು, ಎಕ್ಸ್‌ಪ್ರೆಸಿವ್ ಎಂದರೆ ತಾನಾಗಿ ಹೇಳುವುದು, ಎರಡನ್ನೂ ಬೇರೆ ಬೇರೆ ನೋಡಬೇಕು ಎಂದು ವಿವರಿಸಿದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅರೆ, ಇದು ನಮ್ಮ ಇಂಟೇಕ್–ಔಟ್‌ಪುಟ್ ಚಾರ್ಟ್! ರೋಗಿಯ ಹೊಟ್ಟೆಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು ಎಂದು ಬರೆದಿಡುತ್ತಿದ್ದೆವಲ್ಲ, ಹಾಗೆಯೇ.

"ಅಮ್ಮಗಾರು, ಅವಳ ಭಾಷೆಯಲ್ಲಿ ಯಾರು ಟೆಸ್ಟ್ ಮಾಡಿದರು?" ಎಂದು ಅವಳು ಕೇಳಿದಳು.

ಯಾರೂ ಇಲ್ಲ.

ಅವಳು ಚಿತ್ರಗಳನ್ನು ಹರಡಿ, ಪ್ರಶ್ನೆಗಳನ್ನು ನನ್ನಿಂದ ಕನ್ನಡದಲ್ಲಿ ಕೇಳಿಸಿದಳು. ಬೆರಳು ತೋರಿಸುವಂತಿಲ್ಲ, ಕಣ್ಣಲ್ಲೂ ಸುಳುಹು ಕೊಡುವಂತಿಲ್ಲ.

"ಪಲ್ಲೂ, ಮೇಜಿನ ಕೆಳಗ ಕುಂತದ್ದು ಯಾವುದವಾ?"

ಪಲ್ಲವಿ ಬಾಗಿಲ ಕಡೆ ನೋಡಿದಳು. ನನ್ನ ಕಿವಿಗೆ ಬಾಯಿ ತಂದಳು.

"ಅಜ್ಜಿ, ಇಲ್ಲಿ ಕನ್ನಡ ಮಾತಾಡಿದ್ರ ನಡೀತೈತೇನ್?"

"ನಡೀತೈತಿ ನನ್ನವ್ವಾ," ಎಂದೆ.

ಬೆಕ್ಕನ್ನು ತೋರಿಸಿದಳು. ಮುಂದಿನದನ್ನೂ, ಅದರ ಮುಂದಿನದನ್ನೂ ತೋರಿಸಿದಳು! ಉದ್ದನೆಯ ಪ್ರಶ್ನೆಗಳಲ್ಲಿ ತಡವರಿಸಿದಳು; ಕಥೆ ಹೇಳು ಎಂದರೆ ಎರಡು ಮಾತಿಗೆ ನಿಂತಳು. ಗ್ರಹಿಕೆ ಬಹುಪಾಲು ವಯಸ್ಸಿಗೆ ತಕ್ಕಂತಿದೆ, ಹೇಳುವುದರಲ್ಲಿ ಮಾತ್ರ ಡಿಲೇ ಇದೆ ಎಂದು ಹೊಸ ರಿಪೋರ್ಟ್ ಬಂತು. ಬುದ್ಧಿಮಾಂದ್ಯದ ಶಂಕೆ ಹೋಯಿತು. ಸಾಮಾನ್ಯ ಶಾಲೆ, ಜೊತೆಗೆ ಥೆರಪಿ. ಮನೆಯಲ್ಲಿ ಕನ್ನಡ ಧಾರಾಳವಾಗಿ.

ಅದನ್ನು ಹಿಡಿದು ನಾನೂ ಸುಮಾಳೂ ಹೆಡ್‌ಮಿಸ್ಟ್ರೆಸ್ ಮುಂದೆ ಕುಳಿತೆವು. ಪ್ರತಿ ಸಾಲನ್ನೂ ಬಿಡಿಸಿ ಹೇಳಿದೆ. ಒಂದನೇ ಕ್ಲಾಸಿನಲ್ಲಿ ಒಂದು ಟರ್ಮ್ ನೋಡೋಣ ಎಂದರು. ಒಂದೇ ಟರ್ಮ್. ಆಮೇಲಿನದು ನನಗೂ ಗೊತ್ತಿಲ್ಲ. ಹಾಗಿದ್ದರೂ ಮನೆಗೆ ಬರುವಷ್ಟರಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಪಲ್ಲವಿ ಒಂದನೇ ಕ್ಲಾಸಿಗೆಂದು ತಂದ ಹೊಸ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಸಂಜೆಯವರೆಗೂ ಬಿಚ್ಚಲಿಲ್ಲ. ಊಟಕ್ಕೂ ಅದರೊಂದಿಗೇ ಕುಳಿತಳು. ಊಟಕ್ಕೆ ಚೀಲ ತರುವಂತಿಲ್ಲ ಎಂಬುದು ನಮ್ಮ ಮನೆಯ ನಿಯಮ.

ಇರಲಿ ಎಂದೆ.