ಅಬುಧಾಬಿ ದಾರಿಯಲ್ಲಿ ಒಂದು ಹಿತ್ತಾಳೆ ಚಿಪ್ಪು

ಸೆಕ್ಯೂರಿಟಿಯವನು ಕಾರಿನ ಗಾಜಿಗೆ ಬಡಿದ. ನಾನು ಗಾಜು ಇಳಿಸುವ ಮೊದಲೇ ಇನ್ನೊಮ್ಮೆ ಬಡಿದ.

"ಫೋಟೋ ಕೌನ್ ಲಿಯಾ? ಮೇಡಮ್ ಲಿಯಾ? ದಿಖಾವೋ."

ಹಿಂದಿನ ಸೀಟಿನಲ್ಲಿದ್ದ ಡಾಕ್ಟರ್ ಸುಮಂಗಲಾ ಮೇಡಮ್ ಫೋನು ಎತ್ತಿ ತೋರಿಸಿದರು. ಅದರಲ್ಲಿ ಮನುಷ್ಯರೇ ಇರಲಿಲ್ಲ. ಲೈಟಿನ ಕಂಬ, ಖಾಲಿ ಜಾಗ, ಬೇಲಿ, ಮತ್ತೆ ಲೈಟಿನ ಕಂಬ. ಸೆಕ್ಯೂರಿಟಿಯವನು ನೇಪಾಳದವನು. ಅವನಿಗೆ ತಲೆಬುಡ ಗೊತ್ತಾಗಲಿಲ್ಲ. ಗೊತ್ತಾಗದಿದ್ದಾಗ ಜನರಿಗೆ ಸಂಶಯ ಜಾಸ್ತಿ.

"ಡಾಕ್ಟರ್ ಹೈ ಭಾಯ್. ನಯಾ ಆಯಾ ಹೈ. ಮಾಫ್ ಕರೋ" ಎಂದೆ.

ಎಲ್ಲಾ ಫೋಟೋ ಅಳಿಸುವವರೆಗೆ ಅವನು ಬಿಡಲಿಲ್ಲ. ಕೊನೆಗೆ ಪೆನ್ನು ತೆಗೆದು ನನ್ನ ಕಾರಿನ ನಂಬರನ್ನು ಅಂಗೈಯಲ್ಲಿ ಬರೆದುಕೊಂಡ.

ಇದು ದುಬೈಯ ಮುಹೈಸ್ನಾದಲ್ಲಿ, ಬೆಳಿಗ್ಗೆ. ಕೆಲಸದವರ ಕ್ಯಾಂಪುಗಳೇ ತುಂಬಿದ ಜಾಗ. ಮೇ ತಿಂಗಳು, ಬಿಸಿಲು ಆಗಲೇ ಚುಚ್ಚುತ್ತಿತ್ತು. ಅದಕ್ಕಿಂತ ಒಂದು ಗಂಟೆ ಮೊದಲು ಅಲ್ ಕುಸೈಸ್‌ನಲ್ಲಿ ಮೇಡಮ್ಮಿನ ಚಿಕ್ಕಪ್ಪನ ಮಗಳ ಫ್ಲಾಟಿನಿಂದ ಅವರನ್ನು ಹತ್ತಿಸಿಕೊಂಡಿದ್ದೆ. ಅಬುಧಾಬಿಯ ಒಂದು ಹಾಲಿನಲ್ಲಿ ಅವರ ಭಾಷಣ, ಹೋಗಿ ಬರುವುದು. ಬಸ್ಸಿಗೆ ಇಪ್ಪತ್ತೈದು ದಿರ್ಹಮ್, ನಮ್ಮ ಕಂಪೆನಿಯ ಕಾರಿಗೆ ಐನೂರು. ದಾರಿಯಲ್ಲಿ ಅಲ್ಲಲ್ಲಿ ಇಳಿದು ನೋಡಬೇಕೆಂದು ಅವರು ಕಾರನ್ನೇ ಹೇಳಿದ್ದರು.

ಮೇಡಮ್ ಧಾರವಾಡದ ಕಡೆಯವರು. ವಯಸ್ಸು ಐವತ್ತು ದಾಟಿದೆ. ಓದಲು ಅಮೆರಿಕಕ್ಕೆ ಹೋದವರು ಅಲ್ಲೇ ಯೂನಿವರ್ಸಿಟಿಯಲ್ಲಿ ಉಳಿದಿದ್ದಾರೆ. ಡಾಕ್ಟರ್ ಎಂದು ಕೇಳಿ ನಾನು ಮೊದಲಿಗೇ ನನ್ನ ಸೊಂಟನೋವಿಗೆ ಮಾತ್ರೆ ಕೇಳಿದೆ.

"ನಾ ಆ ಡಾಕ್ಟರ್ ಅಲ್ಲೋ ತಮ್ಮಾ. ನಾ ಊರಿನ ಡಾಕ್ಟರ್" ಎಂದರು.

"ಊರಿಗೆ ಎಂತ ಕಾಯಿಲೆ ಮೇಡಮ್?"

"ಗುಂಡಿಂದು."

ನಾನು ಮತ್ತೆ ಕೇಳಲಿಲ್ಲ. ಕುಡಿಯುವ ಗುಂಡು ಅಲ್ಲ ಎಂದು ಅವರ ಮುಖ ನೋಡಿಯೇ ಗೊತ್ತಾಗಿತ್ತು.

ಮುಹೈಸ್ನಾದಿಂದ ಶೇಖ್ ಜಾಯೆದ್ ರೋಡಿಗೆ ಬಂದೆ. ಟೋಲಿನ ಗೇಟಿಗೆ ನಾಲ್ಕು ದಿರ್ಹಮ್. ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದೆ, ಯಾವುದಾದರೂ ಪೊಲೀಸ್ ಗಾಡಿ ಬರುತ್ತಿದೆಯಾ ಎಂದು. ಬರಲಿಲ್ಲ. ಜೆಬೆಲ್ ಅಲಿಯಲ್ಲಿ ಗೋದಾಮುಗಳ ಹಿಂದೆ ಒಂದು ಕೇರಳದವರ ಕೆಫೆಟೇರಿಯಾ ಉಂಟು, ಅಲ್ಲಿ ನಿಲ್ಲಿಸಿದೆ. ಕರಕ್ ಚಹಾ ಒಂದು ದಿರ್ಹಮ್, ಮೊಟ್ಟೆ ಪರೋಟ ನಾಲ್ಕು.

ಮೇಡಮ್ ಮೂರು ಕುರ್ಚಿ ಬದಲಾಯಿಸಿದರು. ಕೊನೆಗೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕುಳಿತರು. ಹೊರಗೆ ಲಾರಿಯ ಹಿಂದಿನ ಬಾಗಿಲು ದಡಾರನೆ ಬಿತ್ತು. ಅವರು ಬೆಚ್ಚಿದ್ದಕ್ಕೆ ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿತು.

"ಅಮೆರಿಕದಲ್ಲಿ ಅಷ್ಟು ಹೆದರಿಕೆಯಾ ಮೇಡಮ್?"

"ರೂಢಿ ಆಗ್ಯದ. ಇಪ್ಪತ್ತು ವರ್ಷ ಇದನ್ನ ನೋಡಕೋತ ಬಂದೇನಿ" ಎಂದು ಮೇಜು ಒರೆಸಿದರು. ಆಮೇಲೆ ಅವರೇ ಹೇಳಿದರು. ಒಂದು ಊರಿನಲ್ಲಿ ಗುಂಡು ಎಲ್ಲೆಲ್ಲಿ ಹಾರುತ್ತದೆ, ಎಲ್ಲಿ ಹಾರುವುದಿಲ್ಲ ಎಂದು ಅವರು ನೋಡುತ್ತಾರಂತೆ. ಬೀದಿಯ ಎರಡೂ ಬದಿ ನಡೆದು ಯಾವ ಲೈಟು ಉರಿಯುತ್ತದೆ, ಯಾವ ಮನೆಯ ಕಿಟಕಿಗೆ ಹಲಗೆ ಹೊಡೆದಿದ್ದಾರೆ, ಯಾವ ಖಾಲಿ ಜಾಗದಲ್ಲಿ ಕಸ ಬಿದ್ದಿದೆ ಎಂದು ನೋಡುವುದೇ ಕೆಲಸ.

"ಕಸಾ ತಗದು ಹುಲ್ಲು ಹಾಕಿದ ಜಾಗಾದಾಗ ಗುಂಡು ಕಮ್ಮಿ ಆಗ್ತಾವ. ಖರೇನ."

"ಕಸ ಗುಡಿಸಿದ್ರೆ ಗುಂಡು ನಿಲ್ತದಾ? ನಮ್ಮಲ್ಲಿ ಕಸ ರಾಶಿ ಉಂಟು, ಗುಂಡು ಇಲ್ಲ" ಎಂದೆ.

"ಬಂದೂಕು ಇದ್ದಲ್ಲೆ ಮಾತು ಅದು, ಶ್ಯಾಣ್ಯಾ" ಎಂದು ನಕ್ಕರು. ಬಂದೂಕು ಇಲ್ಲದ ಊರಿನ ಬೀದಿ ಹೇಗಿರುತ್ತದೆ ನೋಡಬೇಕು, ಅದಕ್ಕೆ ಮುಹೈಸ್ನಾದ ಕಂಬಗಳ ಫೋಟೋ.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಅವರು ಬ್ಯಾಗಿನೊಳಗೆ ಕೈ ಹಾಕಿ ಒಂದು ಚಿಕ್ಕ ಸಾಮಾನು ತೆಗೆದು ನನ್ನ ಪರೋಟದ ತಟ್ಟೆಯ ಪಕ್ಕ ಇಟ್ಟರು. ಬೆರಳಿನ ತುದಿಯಷ್ಟು ಉದ್ದದ ಹಿತ್ತಾಳೆ. ಗುಂಡು ಹಾರಿಹೋದ ಮೇಲೆ ಉಳಿಯುವ ಖಾಲಿ ಚಿಪ್ಪು.

ನನಗೆ ಅದು ಗೊತ್ತಾಗದೇ ಇರಲು ನಾನೇನು ಪೇಟೆಯವನಲ್ಲ. ನಮ್ಮ ಬೆಳ್ತಂಗಡಿ ಕಡೆ ಹಂದಿ ಕಾಟಕ್ಕೆ ಲೈಸನ್ಸಿನ ಕೋವಿ ಇಟ್ಟವರಿದ್ದಾರೆ. ಓಟು ಬಂದಾಗ ಅದನ್ನು ಸ್ಟೇಷನ್ನಿಗೆ ಕೊಟ್ಟು ಬರಬೇಕು. ಊರಲ್ಲೇ ಹಾಗೆ. ಇದು ದುಬೈ.

"ಒಳಗೆ ಇಡಿ ಮೇಡಮ್! ಮಾರಾಯ್ರೇ, ಒಳಗೆ ಇಡಿ!"

"ಖಾಲಿ ಅದ. ಇದರಾಗ ಏನೂ ಇಲ್ಲ."

"ಖಾಲಿಯೋ ತುಂಬಿದ್ದೋ, ಪೊಲೀಸಿಗೆ ನೀವು ಹೇಳ್ತೀರಾ? ವಿಮಾನದಲ್ಲಿ ಹೇಗೆ ಬಂತು ಇದು?"

"ದೊಡ್ಡ ಸೂಟ್‌ಕೇಸಿನ್ಯಾಗ, ಪೆನ್ನಿನ ಡಬ್ಬಿ ಒಳಗ. ಎಲ್ಲಾ ಕಡೆ ಒಯ್ತೀನಿ."

ಅದು ಅವರ ಪದ್ಧತಿಯಂತೆ. ಎಲ್ಲಿ ಭಾಷಣ ಮಾಡಿದರೂ ಮೊದಲು ಆ ಚಿಪ್ಪನ್ನು ಎದುರಿನ ಸಾಲಿಗೆ ಕೊಡುತ್ತಾರೆ. ಅದು ಕೈಯಿಂದ ಕೈಗೆ ಹೋಗಿ, ಹಾಲ್ ಎಲ್ಲಾ ಸುತ್ತಿ ವಾಪಸು ಬರುವವರೆಗೆ ಮಾತಾಡುವುದಿಲ್ಲ. ಒಬ್ಬ ತಾಯಿ ಕೊಟ್ಟದ್ದು ಅದು. ಬಸ್‌ಸ್ಟಾಪಿನಲ್ಲಿ ನಿಂತಿದ್ದ ಅವಳ ಮಗನಿಗೆ ಯಾರಿಗೋ ಹೊಡೆದ ಗುಂಡು ಬಿತ್ತು. ಪೊಲೀಸರು ಬಂದು ಹೋದ ಮೇಲೆ ಗಟಾರದಲ್ಲಿ ಅವಳಿಗೆ ಈ ಚಿಪ್ಪು ಸಿಕ್ಕಿತು. ಎಲ್ಲರ ಕೈಗೂ ಕೊಡು ಎಂದು ಮೇಡಮ್ಮಿನ ಹತ್ತಿರ ಮಾತು ತೆಗೆದುಕೊಂಡಿದ್ದಾಳೆ.

ನಾನು ಹೇಳಿದೆ, "ಅಬುಧಾಬಿಯ ಹಾಲಿಗೆ ದೊಡ್ಡ ದೊಡ್ಡ ಜನ ಬರ್ತಾರೆ. ಬಾಗಿಲಲ್ಲಿ ಬ್ಯಾಗ್ ಮಿಶಿನಿಗೆ ಹಾಕ್ತಾರೆ ಅಂತ ನಮ್ಮ ಆಫೀಸಿನವರೇ ಹೇಳಿದ್ದಾರೆ. ಇಲ್ಲೇ ಬಿಸಾಡಿ."

"ಅದು ಆಗೂದಿಲ್ಲ."

"ನಮ್ಮ ರೂಮಿನ ಹಮೀದ್‌ನ ಭಾವ ಗಸಗಸೆ ತಂದ. ಅಮ್ಮ ಪಾಯಸಕ್ಕೆ ಅಂತ ಕಟ್ಟಿ ಕೊಟ್ಟ ಗಸಗಸೆ. ಇಲ್ಲಿ ಅದು ಅಫೀಮಿನ ಲೆಕ್ಕ. ಏರ್‌ಪೋರ್ಟಿನಿಂದಲೇ ಒಳಗೆ ಹೋದ. ಪಾಯಸದ ಸಾಮಾನಿಗೆ ಹಾಗಾದ್ರೆ ಇದಕ್ಕೆ ಎಂತ?"

"ನಾ ಹೇಳ್ತೀನಿ, ನನ್ನ ಸಾಮಾನು ಅಂತ."

"ನಿಮ್ಮ ಪಾಸ್‌ಪೋರ್ಟ್ ಬೇರೆ ಮೇಡಮ್. ನಿಮ್ಮನ್ನು ಕೂರಿಸಿ ಕಾಫಿ ಕೊಡ್ತಾರೆ. ಕಂಪೆನಿಯ ಪುಸ್ತಕದಲ್ಲಿ ಇವತ್ತು ಕಾರು ನನ್ನ ಹೆಸರಲ್ಲಿ ಉಂಟು. ನಂಬರು ಆ ನೇಪಾಳಿಯ ಕೈಯಲ್ಲಿ ಉಂಟು. ನಾನು ಖಲಾಸ್."

"ಭಾಳ ಅಂಜುಬುರುಕ ಅದೀ ನೀ."

"ಹೌದು. ಅದಕ್ಕೇ ಇಷ್ಟು ವರ್ಷ ಇಲ್ಲಿ ಇದ್ದೇನೆ."

ಅವರು ಚಿಪ್ಪನ್ನು ಬ್ಯಾಗಿಗೆ ಹಾಕದೆ ಮುಷ್ಟಿಯಲ್ಲಿ ಹಿಡಿದುಕೊಂಡರು. ಅಬುಧಾಬಿ ಮುಟ್ಟುವುದರೊಳಗೆ ಯೋಚನೆ ಮಾಡುತ್ತೇನೆ ಎಂದರು. ಅಲ್ಲೇ ಬಿಟ್ಟು ಹೋಗಿಬಿಡಬೇಕು ಎಂದು ನನಗೆ ಅನಿಸಿತು. ಆದರೆ ಪ್ಯಾಸೆಂಜರನ್ನು ದಾರಿಯಲ್ಲಿ ಬಿಟ್ಟರೆ ಕೆಲಸವೂ ಹೋಗುತ್ತದೆ. ಗಾಡಿ ಹೊರಡಿಸಿದೆ.

ಗಂತೂತ್ ದಾಟಿದರೆ ಅಬುಧಾಬಿಯ ಸೀಮೆ. ರಸ್ತೆಯ ಬದಿಯಲ್ಲಿ ಮರಳು, ಮರಳಿನಲ್ಲಿ ಸಾಲಾಗಿ ನೆಟ್ಟ ಮರ, ಮರದ ಬುಡಕ್ಕೆ ನೀರಿನ ಪೈಪು. ನನ್ನ ಕಣ್ಣು ಸ್ಪೀಡಿನ ಮುಳ್ಳಿನ ಮೇಲೆ. ಹೆಚ್ಚು ಹೋದರೆ ಕ್ಯಾಮೆರಾ, ಕಮ್ಮಿ ಹೋದರೆ ಸಂಶಯ. ಏಸಿ ಹಾಕಿದ್ದರೂ ಅಂಗಿ ಬೆನ್ನಿಗೆ ಅಂಟಿತ್ತು.

ಆಗಲೇ ಹಿಂದಿನ ಟಯರು ಒಡೆಯಿತು.

ಗುಂಡಿನ ಶಬ್ದವೇ. ನಾನೂ ಒಂದು ಕ್ಷಣ ಹಾಗೇ ಎಣಿಸಿದೆ. ಗಾಡಿ ಎಡಕ್ಕೂ ಬಲಕ್ಕೂ ಎಳೆಯಿತು. ಹೇಗೋ ಹಿಡಿದು ಬದಿಗೆ ತಂದು ನಿಲ್ಲಿಸಿದೆ. ಹಿಂದೆ ತಿರುಗಿದರೆ ಸೀಟು ಖಾಲಿ. ಬಾಗಿಲು ತೆರೆದಿತ್ತು. ಇಳಿದು ಓಡಿದೆ. ಮೇಡಮ್ ಮುಂದಿನ ಚಕ್ರದ ಪಕ್ಕ ಮರಳಿನಲ್ಲಿ ಬೋರಲು ಬಿದ್ದಿದ್ದರು. ಎರಡೂ ಕೈ ತಲೆಯ ಮೇಲೆ. ಯಾರೂ ತಳ್ಳಿದ್ದಲ್ಲ, ತಾವೇ ತೆವಳಿಕೊಂಡು ಇಂಜಿನಿನ ಮರೆಗೆ ಬಂದಿದ್ದರು.

"ಟಯರು ಮೇಡಮ್. ಟಯರು ಅಷ್ಟೇ."

ಅವರಿಗೆ ಕೇಳಿಸಲಿಲ್ಲ. ಅವರ ಮುಷ್ಟಿಯಲ್ಲಿದ್ದ ಚಿಪ್ಪು ಈಗ ಕೈಯಲ್ಲಿ ಇಲ್ಲ ಎಂದು ನಾನು ನೋಡಿದ್ದು ಆಗಲೇ. ಒಂದು ಮಾರು ದೂರದಲ್ಲಿ ಮರಳಿನ ಮೇಲೆ ಅದು ಹೊಳೆಯುತ್ತಿತ್ತು. ಅದನ್ನು ಹೆಕ್ಕಲು ಹೋಗುವುದಕ್ಕೂ ನಮ್ಮ ಹಿಂದೆ ಪೊಲೀಸ್ ಗಾಡಿ ಬಂದು ನಿಲ್ಲುವುದಕ್ಕೂ ಸರಿಯಾಯಿತು.

ನಾನು ಹೋಗಿ ಅದರ ಮೇಲೆ ಬಲಗಾಲು ಇಟ್ಟು ನಿಂತೆ.

ಪೊಲೀಸಿನವನು ಸಣ್ಣ ಪ್ರಾಯದವನು. ನಗುತ್ತಲೇ ಇಳಿದ, ನನ್ನನ್ನು ಅರಬಿಯಲ್ಲಿ ಗೆಳೆಯ ಎಂದೇ ಕರೆದ. "ಕ್ಯಾ ಹುವಾ ಸದೀಕ್? ಟಯರ್ ಖಲಾಸ್? ಮದಾಮ್ ಕೋ ಕ್ಯಾ ಹುವಾ?"

"ಡರ್ ಗಯಾ ಸಾರ್."

ಅವನು ತನ್ನ ಗಾಡಿಯಿಂದ ತಣ್ಣನೆ ನೀರಿನ ಬಾಟಲಿ ತಂದು ಮೇಡಮ್ಮಿನ ಹತ್ತಿರ ಇಟ್ಟ. ಆಮೇಲೆ ನನಗೆ, "ಯಲ್ಲಾ, ಸ್ಟೆಪ್ನಿ ನಿಕಾಲೋ" ಎಂದ. ನಾನು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದ. ಅಲುಗಲಿಲ್ಲ. ಅವನ ನಗು ನಿಂತಿತು.

"ಕ್ಯೂಂ ಖಡಾ ಹೈ?"

ಬಾಯಿಗೆ ಬಂದದ್ದು ಹೇಳಿದೆ. "ಸಾರ್, ಕಾಲು... ಪೈರ್ ಪಕಡ್ ಗಯಾ."

ಅದೇ ತಪ್ಪಾಯಿತು. ಅವನು ಪಾಪದವನು. ಫುಟ್‌ಬಾಲ್ ಆಡುವವನಿರಬೇಕು. ಮರಳಿನಲ್ಲಿ ಮೊಣಕಾಲೂರಿ ಕುಳಿತು ನನ್ನ ಬಲಗಾಲಿನ ಮೀನಖಂಡ ಹಿಡಿದ. ಎತ್ತು ಎಂದ. ನಾನು ಹಿಮ್ಮಡಿಯಿಂದ ಕೆಳಗೆ ಒತ್ತಿದೆ, ಇದ್ದ ಬಲವೆಲ್ಲಾ ಹಾಕಿ ಒತ್ತಿದೆ. ಅವನು ಮೇಲಕ್ಕೆ ಎಳೆಯುತ್ತಾನೆ, ನಾನು ಕೆಳಕ್ಕೆ. ಕಾಲು ಗಟ್ಟಿಯಾಗಿದೆ, ಜೋರು ಹಿಡಿದಿದೆ ಎಂದು ಅವನು ಎಣಿಸಿದ. ಪೊಲೀಸಿನ ಟೊಪ್ಪಿ ನನ್ನ ಹೊಟ್ಟೆಯ ಹತ್ತಿರ. ಕಾಲು ಎತ್ತಿದರೆ ನನ್ನ ಕತೆ ಮುಗಿಯಿತು. ಅಪ್ಪ, ಅಮ್ಮ, ನಮ್ಮ ದೈವ ಎಲ್ಲರನ್ನೂ ಕರೆದೆ.

ಅಷ್ಟರಲ್ಲಿ ಮೇಡಮ್ ಎದ್ದರು. ಮುಖದಲ್ಲಿ ಮರಳು, ಕೂದಲಲ್ಲಿ ಮರಳು. ನನ್ನ ಕಾಲು ನೋಡಿದರು, ಪೊಲೀಸಿನವನನ್ನು ನೋಡಿದರು, ತಮ್ಮ ಖಾಲಿ ಕೈ ನೋಡಿಕೊಂಡರು. ತಾನು ಡಾಕ್ಟರ್, ತಾನು ನೋಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಅವನು ಮರ್ಯಾದೆಯಿಂದ ಎದ್ದು ಹಿಂದೆ ಸರಿದ. ಮೇಡಮ್ ಕುಳಿತು ನನ್ನ ಕಾಲು ತಿಕ್ಕತೊಡಗಿದರು.

"ಎಲ್ಲಿ ಅದನೋ ಅದು?"

"ಅಡಿಯಲ್ಲಿ."

"ಇನ್ನೂ ಕೆಳಗ ಒತ್ತು."

ಒತ್ತಿದೆ. ಹಿಮ್ಮಡಿಗೆ ಮೊದಲು ಗಟ್ಟಿಯಾಗಿ ತಾಗುತ್ತಿತ್ತು, ಆಮೇಲೆ ತಾಗಲಿಲ್ಲ. ಮೇಡಮ್ ನನ್ನ ಕಾಲು ಎತ್ತಿದರು. ಕೆಳಗೆ ಬರೀ ಮರಳು. ಅದರ ಮೇಲೆ ಅವರು ಕೈಯಿಂದ ಇನ್ನಷ್ಟು ಮರಳು ಎಳೆದರು. ಆಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಸ್ಟೆಪ್ನಿ ಹಾಕಿದೆ. ಬೋಲ್ಟು ಬಿಚ್ಚುವಾಗ ಕೈ ಜಾರುತ್ತಿತ್ತು. ಪೊಲೀಸಿನವನೇ ಜ್ಯಾಕ್ ತಿರುಗಿಸಿ ಕೊಟ್ಟ. ಅವನು ಹೋದ ಮೇಲೆ ಅಗೆಯೋಣ ಎಂದು ಮೇಡಮ್ ಕಾಯುತ್ತಿದ್ದರು. ಅವನು ಹೋಗಲಿಲ್ಲ. ಇಲ್ಲಿ ನಿಲ್ಲುವುದು ಅಪಾಯ, ನೀವು ಮುಂದೆ ಹೋಗಿ ಎಂದು ಕೈ ಬೀಸಿದ. ಲೈಟು ಹಾಕಿಕೊಂಡು ತುಂಬಾ ದೂರ ನಮ್ಮ ಹಿಂದೆಯೇ ಬಂದ. ಕಾಪಾಡಲು ಬಂದದ್ದು. ನನಗೆ ಜೀವ ಹಿಂಡಿದ ಹಾಗಾಯಿತು.

ಅಬುಧಾಬಿಯ ಹಾಲ್ ದೊಡ್ಡ ಹೋಟೆಲಿನಲ್ಲಿತ್ತು. ಬಾಗಿಲಲ್ಲಿ ಮಿಶಿನು ಇತ್ತು. ಅಲ್ಲಿಯ ಸೆಕ್ಯೂರಿಟಿಯವರು ಮೇಡಮ್ಮಿನ ಬ್ಯಾಗನ್ನು ಮಿಶಿನಿಗೆ ಹಾಕಿ, ಮತ್ತೆ ಮೇಜಿನ ಮೇಲೆ ಸುರುವಿ, ಪೆನ್ನಿನ ಡಬ್ಬಿ ತೆರೆದು ಒಂದೊಂದೇ ಪೆನ್ನು ಎತ್ತಿ ನೋಡಿದರು. ನಾನು ಹೊರಗೆ ನಿಂತು ಗಾಜಿನ ಮೂಲಕ ನೋಡಿದೆ. ನೋಡಿದ ಮೇಲೆ ಪಾರ್ಕಿಂಗಿಗೆ ಹೋಗಿ ಕಾರಿನೊಳಗೆ ಕುಳಿತೆ. ಊಟ ಮಾಡಲು ಆಗಲಿಲ್ಲ.

ಮೇಡಮ್ ವಾಪಸು ಬಂದಾಗ ಸಂಜೆ. "ಹೇಗಾಯ್ತು ಮೇಡಮ್?" ಎಂದೆ.

"ಕೈಯಾಗ ಕೊಡಲಿಕ್ಕೆ ಏನೂ ಇರಲಿಲ್ಲ. ಬರೇ ಮಾತಾಡಿದೆ. ಒಬ್ಬಾಂವ ಫೋನ್ ನೋಡಕೋತ ಕೂತಿದ್ದ."

ವಾಪಸು ಬರುವ ರಸ್ತೆ ಆಚೆ ಬದಿಯದ್ದು, ನಡುವೆ ತಡೆಗೋಡೆ. ಆ ಜಾಗ ಎಲ್ಲಿ ಎಂದು ಅವರು ಕೇಳಿದರು. ಎಲ್ಲಾ ಮರವೂ ಒಂದೇ ತರ, ಎಲ್ಲಾ ಪೈಪೂ ಒಂದೇ ತರ. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದರೂ ನಿಲ್ಲಿಸುತ್ತಿರಲಿಲ್ಲ, ಅದನ್ನೂ ಹೇಳಿದೆ. ಅವರು ಬೈಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಮೆರಿಕದ ಫೋನಿನಿಂದ ಚಿಪ್ಪು ಕೊಟ್ಟ ಆ ತಾಯಿಗೆ ಕರೆ ಮಾಡಿದರು. ಅಲ್ಲಿ ಆಗ ಬೆಳಿಗ್ಗೆ. ಫೋನು ತೊಡೆಯ ಮೇಲೆ ಇಟ್ಟು ಸ್ಪೀಕರ್ ದೊಡ್ಡದಾಗಿ ಹಾಕಿದ್ದರು, ನನಗೂ ಕೇಳಿಸುತ್ತಿತ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಆ ಹೆಂಗಸು ನಿಧಾನ ಮಾತಾಡುವವಳು, ಎಲ್ಲಾ ಅರ್ಥವಾಯಿತು. ಮೇಡಮ್ ನಡೆದದ್ದೆಲ್ಲಾ ಹೇಳಿದರು. ಕಳೆದುಹಾಕಿದೆ, ಮಾತು ಉಳಿಸಿಕೊಳ್ಳಲಿಲ್ಲ ಎಂದು ಅತ್ತರು.

ಆಮೇಲೆ ಅವಳು ಹೇಳಿದಳು. "ಅಳಬೇಡಿ ಡಾಕ್ಟರ್. ನಮ್ಮ ಮನೆಯೆದುರು ಗುಡಿಸುವಾಗ ಇಂಥ ಚಿಪ್ಪುಗಳು ಬೇಕಾದಷ್ಟು ಸಿಗುತ್ತವೆ. ಮೊನ್ನೆ ಶನಿವಾರ ಕೂಡ ಸಿಕ್ಕಿತು. ಬಂದಾಗ ಒಂದು ಕೊಡುತ್ತೇನೆ."

ಮೇಡಮ್ ಫೋನು ಇಟ್ಟರು. ಅಲ್ ಕುಸೈಸ್ ಬಂತು. ಫ್ಲಾಟಿನ ಕೆಳಗೆ ಇಳಿಸಿದೆ. ಅವರು ಒಳಗೆ ಹೋದರು. ಇಷ್ಟೇ.