ಯಾವ ಮಾಡೆಲ್?

ಬಾಯಲ್ಲಿ ಬ್ರಷ್ ಇರುವಾಗಲೇ ಮೆಸೇಜ್ ಬಂತು. ಮುಂದಿನ ಭಾನುವಾರ ಹೊಸೂರಿನಾಚೆ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ರೇಸ್ ಇದೆ. ನಾನು ಕೆಲಸ ಮಾಡುವ ಶೋರೂಮಿನವರೂ ಅದಕ್ಕೆ ಕೈಜೋಡಿಸಿರುವುದರಿಂದ ರೇಸ್ ನಡೆಸುವ ಕಮಿಟಿಯಲ್ಲಿ ನಾನೂ ಒಬ್ಬಳು. ಹೆಂಗಸು ಅಂತ ಇರುವವಳು ನಾನೊಬ್ಬಳೇ, ಉಳಿದವರೆಲ್ಲ ಗಂಡಸರು. ಸವಾರರ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುವ ಮಾಡೆಲ್ ಹುಡುಗಿಯರು ಈ ಸಲ ಬೇಕೋ ಬೇಡವೋ ಎಂದು ಅವರೊಳಗೆ ಒಂದು ವಾರದಿಂದ ಕಚ್ಚಾಟ ನಡೆದಿತ್ತು. ಈಗಿನ ಕಾಲಕ್ಕೆ ಅದು ಚೆನ್ನಾಗಿ ಕಾಣುವುದಿಲ್ಲ, ದೊಡ್ಡ ರೇಸುಗಳಲ್ಲೇ ಬಿಟ್ಟುಬಿಟ್ಟಿದ್ದಾರೆ ಎಂದು ಅರ್ಧ ಜನ. ಹುಡುಗಿಯರಿಲ್ಲದಿದ್ದರೆ ಫೋಟೋದಲ್ಲಿ ಧೂಳು ಬಿಟ್ಟು ಇನ್ನೇನಿರುತ್ತದೆ ಎಂದು ಇನ್ನರ್ಧ ಜನ. ವಾದ ಮಾಡಿ ಸುಸ್ತಾಗಿ ಕಮಿಟಿಯ ಹಿರಿಯರು ತಮಿಳಿನಲ್ಲಿ ಬರೆದಿದ್ದರು: ಇದು ಹೆಂಗಸರ ವಿಷಯ ಮೇಡಂ, ನೀಂಗಳೇ ಸೊಲ್ಲುಂಗ. ನೀವೇ ಹೇಳಿ, ಸಂಜೆಯೊಳಗೆ ಹೇಳಿ.

ಹೆಂಗಸರ ವಿಷಯವಂತೆ. ಟ್ರ್ಯಾಕಿಗೆ ನೀರು ಹೊಡೆಸುವಾಗ ನನ್ನನ್ನು ಯಾರೂ ಕೇಳಲಿಲ್ಲ. ಆಂಬುಲೆನ್ಸ್ ಗೊತ್ತು ಮಾಡುವಾಗ ಕೇಳಲಿಲ್ಲ. ಕೊಡೆಯ ಮಾತು ಬಂದ ಕೂಡಲೇ ನಾನು ನೆನಪಾದೆ. ನನಗೆ ಮೈಯೆಲ್ಲ ಉರಿಯಿತು. ಬಾಯಿ ಮುಕ್ಕಳಿಸಿ ಬಂದು "ಬೇಡ" ಎಂದು ಬರೆದೆ. ಕಳಿಸುವ ಮೊದಲೇ ಅಳಿಸಿದೆ. ಒಲೆಯ ಮೇಲಿಟ್ಟ ಹಾಲು ಅಷ್ಟರಲ್ಲಿ ಉಕ್ಕಿ ಕಟ್ಟೆಯೆಲ್ಲ ಹರಿದಿತ್ತು.

ಗಾಡಿ ತೆಗೆಯಲು ಕೆಳಗಿಳಿದರೆ ಮಹಡಿಯ ಮನೆಯ ಬಾಡಿಗೆದಾರರ ಮಗಳು ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ಬಿ.ಕಾಂ ಕೊನೆಯ ವರ್ಷ, ಮಾತು ಪಟಪಟ. ಭಾನುವಾರ ಕೊಡೆ ಹಿಡಿಯಲು ಗೊತ್ತಾಗಿದ್ದ ನಾಲ್ವರಲ್ಲಿ ಅವಳೂ ಒಬ್ಬಳು. ತೀರ್ಮಾನ ನನ್ನ ಕೈಗೆ ಬಂದಿರುವುದನ್ನು ಯಾರೋ ಅವಳ ಕಿವಿಗೆ ಆಗಲೇ ಊದಿಬಿಟ್ಟಿದ್ದರು. ಒಂದು ಮಾಲಿನಲ್ಲಿ ಕಾರಿನ ಪಕ್ಕ ಹೀಗೇ ನಿಂತಿದ್ದೇನೆ, ನನಗೇನೂ ಆಗಲಿಲ್ಲ, ನಿಂತು ನಗುವುದೂ ಒಂದು ಕೆಲಸವೇ, ಕಾಲು ನೋಯುತ್ತದೆ ಅಷ್ಟೆ ಅಂದಳು. ನಾನು ಬಾಡಿಗೆ ಮನೆಯ ಹುಡುಗಿಗೆ ಬುದ್ಧಿ ಹೇಳುವ ಓನರಮ್ಮನ ಧಾಟಿಯಲ್ಲಿ ಏನೋ ಶುರುಮಾಡಿದೆ. ಅವಳು ತಡೆದಳು.

"ಅಕ್ಕಾ, ನೀವ್ ಬ್ಯಾಡ ಅಂತ ಬರುದ್ರೆ ನನ್ ಭಾನುವಾರ ಹೋಯ್ತದೆ. ನಿಮ್ಗೇನ್ ಹೋಯ್ತದೆ?"

ಹೆಲ್ಮೆಟ್ ಹಾಕಿಕೊಂಡು ಹೊರಟೆ. ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಎಂದಿನಂತೆ ಲಾರಿಗಳ ಸಾಲು. ಮುಂದಿನ ಲಾರಿ ಕದಲುವ ಹೊತ್ತಿಗೆ "ಬೇಕು" ಎಂದು ಬರೆದು ಅದನ್ನೂ ಅಳಿಸಿದ್ದೆ.

ನನಗೇನು ಹೋಗುತ್ತದೆ ಎಂದು ಆ ಹುಡುಗಿಗೆ ಹೇಳುವುದು ಹೇಗೆ? ಅವಳ ವಯಸ್ಸಿನಲ್ಲಿ ನಾನೂ ಆ ಕೊಡೆ ಹಿಡಿದವಳೇ. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಆಗ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಮ್ಮ ಉದ್ದನಪಲ್ಲಿಯಲ್ಲಿ ಟೊಮೇಟೊ ತೋಟ ನೋಡಿಕೊಂಡು, ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳು. ಅಪ್ಪ ಹೊಸೂರಿನ ಒಂದು ಬೈಕ್ ಫ್ಯಾಕ್ಟರಿಯಲ್ಲಿ ಇಂಜಿನ್ ಜೋಡಿಸುವ ಲೈನಿನಲ್ಲಿದ್ದ. ಶಿಫ್ಟಿಗೆ ಹೋಗುವುದು, ಬಂದು ಮಲಗುವುದು, ಎದ್ದು ಹೋಗುವುದು, ಇದೇ ಅವನ ದಿನಚರಿ. ನಾನಂತೂ ಉದ್ದ. ಮನೆಗೆ ಬಂದವರೆಲ್ಲ ಮೊದಲು ನನ್ನ ಎತ್ತರ ನೋಡಿ, ಆಮೇಲೆ ಇವಳಿಗೆ ಗಂಡು ಎಲ್ಲಿಂದ ತರುತ್ತೀರಿ ಎಂದು ಅಮ್ಮನ ಮುಖ ನೋಡುತ್ತಿದ್ದರು. ಕಾಲೇಜಿನ ಗೆಳತಿಯೊಬ್ಬಳು ರೇಸಿನವರ ಹತ್ತಿರ ಕರೆದುಕೊಂಡು ಹೋದಾಗ, ನನ್ನ ಎತ್ತರ ನೋಡಿ ಖುಷಿಪಟ್ಟ ಮೊದಲ ಜನ ಅವರೇ. ಒಪ್ಪಿಕೊಳ್ಳಲು ನನಗೆ ಅಷ್ಟೇ ಸಾಕಾಯಿತು.

ಸಂಜೆ ಅಪ್ಪ ಊಟಕ್ಕೆ ಕೂತಾಗ, ಭಾನುವಾರ ರೇಸಿನಲ್ಲಿ ಮಾಡೆಲ್ ಕೆಲಸ ಸಿಕ್ಕಿದೆ ಅಂದೆ. ಬೈಯುತ್ತಾನೆ ಎಂದು ಹೆದರಿ ತಟ್ಟೆ ನೋಡುತ್ತಾ ಹೇಳಿದ್ದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಯಾವ ಮಾಡೆಲು?"

ನಮ್ಮ ಮನೆಯಲ್ಲಿ ಆ ಪದಕ್ಕೆ ಒಂದೇ ಅರ್ಥ. ಹೊಸ ಮಾಡೆಲ್ ಬಂತು ಅಂದರೆ ಲೈನಿಗೆ ಹೊಸ ಗಾಡಿ ಬಂತು, ಅಪ್ಪನಿಗೆ ಓಟಿ ದುಡ್ಡು ಬಂತು. ಬೀದಿಯಲ್ಲಿ ಯಾವ ಬೈಕ್ ಹೋದರೂ ನಾವು ಮಕ್ಕಳು ಮಾಡೆಲ್ ಹೇಳುತ್ತಿದ್ದೆವು. ಹುಡುಗಿಯೇ ಮಾಡೆಲ್ ಆಗಬಹುದು ಎನ್ನುವುದು ಅಪ್ಪನ ತಲೆಗೆ ಹೊಳೆಯಲೇ ಇಲ್ಲ. ನಾನು ಗಾಡಿಯ ಹೆಸರು ಹೇಳಿದೆ. ಅವನ ಮುಖ ಅರಳಿತು. ಅದರ ಇಂಜಿನ್ ನಮ್ಮ ಲೈನಿನಲ್ಲೇ ಕಣಮ್ಮಿ ಆಗೋದು, ಜನಕ್ಕೆ ಅದನ್ನು ವಿವರಿಸಿ ಹೇಳೋ ಕೆಲಸಾನಾ ಎಂದು ಕೇಳಿದ. ನಾನು ಹೂಂ ಅಂದೆ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದರೆ ಮಾರನೆಯ ದಿನದಿಂದ ಅಪ್ಪ ನಿದ್ದೆ ಬಿಟ್ಟು ನನಗೆ ಪಾಠ ಮಾಡತೊಡಗಿದ. ದೊಡ್ಡ ಲೋಟದೊಳಗೆ ಸಣ್ಣ ಲೋಟ ಇಳಿಸಿ, ಮೇಲೆ ಕೆಳಗೆ ಆಡಿಸಿ, ಇದೇ ಪಿಸ್ಟನ್ನು ಅಂದ. "ಎಳ್ಕೋ, ಅದುಮು, ಉರಿ, ಉಗಿ. ನಾಕೇ ಕಣಮ್ಮಿ. ಇಷ್ಟೇಯಾ ಇಂಜಿನ್ನು." ರೇಸ್ ನೋಡಲು ಎಲ್ಲ ಭಾಷೆಯವರೂ ಬರುತ್ತಾರೆಂದು ತಾನೇ ಗಿರಾಕಿಯಾಗಿ ಒಮ್ಮೆ ಕನ್ನಡದಲ್ಲಿ, ಒಮ್ಮೆ ತಮಿಳಿನಲ್ಲಿ, ಒಮ್ಮೆ ತೆಲುಗಿನಲ್ಲಿ ದನಿ ಬದಲಿಸಿ ಪ್ರಶ್ನೆ ಕೇಳುತ್ತಿದ್ದ. ತೆಲುಗು ಗಿರಾಕಿ ಮಹಾ ತಕರಾರಿನವನು, ಮೈಲೇಜಿನ ಲೆಕ್ಕ ಒಪ್ಪುತ್ತಲೇ ಇರಲಿಲ್ಲ. ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ನಾನು ಹುಟ್ಟಿದಾಗಿನಿಂದ ಅಪ್ಪ ನನ್ನ ಜೊತೆ ಆಡದಿದ್ದಷ್ಟು ಮಾತನ್ನು ಆ ನಾಲ್ಕು ದಿನದಲ್ಲಿ ಆಡಿದ. ಅದನ್ನು ಕೆಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಭಾನುವಾರ ಕೊಟ್ಟ ಲಂಗ ಮೊಣಕಾಲಿಗಿಂತ ಒಂದು ಗೇಣು ಮೇಲಿತ್ತು. ಎಳೆದೆಳೆದು ಇಳಿಸಿ ಪಿನ್ನು ಹಾಕಿಕೊಂಡೆ. ಸುಳ್ಳು ಯಾಕೆ ಹೇಳಲಿ, ಮೊದಲ ಅರ್ಧ ಗಂಟೆ ನನಗೆ ಹಿಡಿಸಿತ್ತು. ಎತ್ತರದ ಚಪ್ಪಲಿ, ಕೈಯಲ್ಲಿ ದೊಡ್ಡ ಕೊಡೆ, ಎಲ್ಲರ ಕಣ್ಣೂ ನನ್ನ ಮೇಲೆ. ಫೋಟೋದವನು ತಮಿಳಿನಲ್ಲಿ ಸಿರಿಮ್ಮಾ, ಸಿರಿಮ್ಮಾ, ನಗಮ್ಮಾ ಅನ್ನುತ್ತಿದ್ದ, ನಾನು ನಗುತ್ತಿದ್ದೆ. ನಾನು ನೆರಳು ಹಿಡಿದಿದ್ದ ಸವಾರ ಒಂದೇ ಸಲ ಮಾತಾಡಿದ, ಸ್ವಲ್ಪ ಎಡಕ್ಕೆ ಅಂತ. ಪಕ್ಕದಲ್ಲೇ ಅಪ್ಪ ಜೋಡಿಸಿದ್ದಿರಬಹುದಾದ ಇಂಜಿನ್ ಗುರುಗುಡುತ್ತಿತ್ತು. ಯಾರಾದರೂ ಕೇಳಿಯಾರೆಂದು ಒಳಗೊಳಗೇ ಎಳ್ಕೋ, ಅದುಮು, ಉರಿ, ಉಗಿ ಎಂದು ಹೇಳಿಕೊಳ್ಳುತ್ತಲೇ ಇದ್ದೆ. ನನ್ನ ಫೋನ್ ನಂಬರ್ ಕೇಳಿದರು. ಸಂಜೆ ಏನು ಮಾಡುತ್ತೀ ಎಂದು ಕೇಳಿದರು. ಇಂಜಿನ್ ವಿಷಯ ಒಬ್ಬನೂ ಕೇಳಲಿಲ್ಲ.

ಆಮೇಲೆ ಗಾಳಿ ಬಂತು. ಉದ್ದಕ್ಕೂ ಬಯಲು, ತಡೆಯಲು ಒಂದು ಮರವಿಲ್ಲ. ಕೊಡೆ ಫಟ್ಟನೆ ತಿರುಗಿಕೊಂಡು ಕಡ್ಡಿಗಳೆಲ್ಲ ಆಕಾಶ ನೋಡಿದವು. ಲಂಗವೂ ಹಾರಿತು. ಒಂದು ಕೈಯಲ್ಲಿ ಲಂಗ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಮತ್ತೆ ಬಗ್ಗಿಸಿದೆ. ಬೇಲಿಯಾಚೆಯಿಂದ ಸಿಳ್ಳೆಯೋ ಸಿಳ್ಳೆ. ನನಗೆ ಅಳು ನುಗ್ಗಿ ಬರುತ್ತಿತ್ತು, ಫೋಟೋದವನು ಇನ್ನೂ ಸಿರಿಮ್ಮಾ ಅನ್ನುತ್ತಿದ್ದ. ನಕ್ಕೆ.

ಸಂಜೆ ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ಕೂತಿದ್ದ. ಯಾರಾದರೂ ಕೇಳಿದರಾ ಅಂದ. ನಾಲ್ಕು ಜನ ಕೇಳಿದರು, ಎಲ್ಲಾ ಹೇಳಿದೆ, ಒಬ್ಬ ತೆಲುಗಿನವನೂ ಇದ್ದ ಅಂದೆ. ಅಪ್ಪ ನನ್ನ ಮುಖ ನೋಡದೆ, ಒಳ್ಳೇದಾಯ್ತು ಬಿಡು, ಕೈಕಾಲು ತೊಳ್ಕೋ ಅಂದ. ಮಾರನೆಯ ದಿನ ಬೆಳಿಗ್ಗೆ ಎರಡನೆಯ ಶಿಫ್ಟಿಗೆ ಮುಂಚೆ, ಫ್ಯಾಕ್ಟರಿಯ ಯೂನಿಫಾರ್ಮ್ ಹಾಕಿಕೊಂಡು ನನ್ನನ್ನು ಶೋರೂಮಿಗೆ ಕರೆದುಕೊಂಡು ಹೋದ. ಇವಳಿಗೆ ಇಂಜಿನ್ ಪೂರ್ತಿ ಗೊತ್ತು, ಬೇಕಾದರೆ ಕೇಳಿ ನೋಡಿ ಎಂದು ಮಾಲೀಕರ ಮುಂದೆ ನಿಲ್ಲಿಸಿದ. ಅವರು ಕೇಳಿದರು. ನಾನು ಹೇಳಿದೆ. ಅಂದು ಸೇರಿದವಳು ಇಂದಿಗೂ ಅಲ್ಲೇ ಇದ್ದೇನೆ, ಈಗ ಸೇಲ್ಸ್ ಪೂರ್ತಿ ನನ್ನದೇ. ಆದರೆ ಈ ಕೆಲಸ ನಿಂತಿರುವುದು ನನ್ನ ಆ ಒಂದು ಸುಳ್ಳಿನ ಮೇಲೆ, ಅದನ್ನು ಕೇಳಿ ಹಿಗ್ಗಿಯೇ ಅಪ್ಪ ನನ್ನನ್ನು ಇಲ್ಲಿಗೆ ತಂದ ಎನ್ನುವುದು ಮಾತ್ರ ಕಾಲಿಗೆ ಚುಚ್ಚಿದ ಮುಳ್ಳಿನ ಮೊನೆಯಂತೆ ಒಳಗೇ ಉಳಿದಿತ್ತು.

ಇವತ್ತು ಶೋರೂಮಿನಲ್ಲಿ ಕೂತ ಕಡೆ ಕೂರಲಾಗಲಿಲ್ಲ. ಒಬ್ಬ ಗಿರಾಕಿಗೆ ಹೇಳಬೇಕಾದ್ದನ್ನು ಇನ್ನೊಬ್ಬರಿಗೆ ಹೇಳಿದೆ. ಮೂರು ಸಲ ಕಾಫಿ ತರಿಸಿ ಮೂರನ್ನೂ ಆರಲು ಬಿಟ್ಟೆ. ಬೇಕು ಅನ್ನುವ ಗಂಡಸರನ್ನು ನೆನೆದರೆ ಆ ಸಿಳ್ಳೆ ಕಿವಿಯಲ್ಲಿ ಕೇಳುತ್ತದೆ. ಬೇಡ ಅನ್ನುವವರ ಮಾತೂ ನನಗೆ ಸರಿಬರುವುದಿಲ್ಲ. ಹುಡುಗಿಯರ ಮರ್ಯಾದೆ ಅನ್ನುತ್ತಾರಲ್ಲ, ಟೈಮ್ ಬರೆಯುವ ಮೇಜಿನಲ್ಲಿ ಒಬ್ಬ ಹುಡುಗಿಯನ್ನು ಕೂರಿಸಿದ್ದಾರಾ? ಬಾವುಟ ಬೀಸಲು ಒಬ್ಬಳನ್ನು ಕರೆದಿದ್ದಾರಾ? ಕೊಡೆಯನ್ನೂ ಕಿತ್ತುಕೊಂಡರೆ ಆ ಬಯಲಿನಲ್ಲಿ ಹೆಣ್ಣಿನ ನೆರಳೂ ಇರುವುದಿಲ್ಲ. ಅದೇ ಅವರಿಗೆ ಮರ್ಯಾದೆಯೇನೋ.

ಮನೆಗೆ ಬಂದಾಗ ಅಪ್ಪ ಹಜಾರದಲ್ಲಿ ಪೇಪರ್ ಹಾಸಿ, ಅಕ್ಕಪಕ್ಕದವರ ಮಿಕ್ಸಿ ಬಿಚ್ಚಿ ಹರಡಿಕೊಂಡಿದ್ದ. ರಿಟೈರ್ ಆದ ಮೇಲೆ ಅವನಿಗೆ ಇದೇ ಕೆಲಸ. ನಾನು ಒಳಗೆ ಹೊರಗೆ ಓಡಾಡುತ್ತಿದ್ದುದನ್ನು ನೋಡಿ ನೋಡಿ, ಒಂದ್ಕಡೆ ಕೂತ್ಕೋ ಅಂದ. ಕೂತು ಕಮಿಟಿಯ ಜಗಳವನ್ನೆಲ್ಲ ಹೇಳಿದೆ, ಯಾರದೋ ವಿಷಯ ಹೇಳುವವಳಂತೆ ಹೇಳಿದೆ. ಅಪ್ಪ ತಲೆ ಎತ್ತದೆ ಸ್ಕ್ರೂ ತಿರುಗಿಸುತ್ತಲೇ ಇದ್ದ.

"ಕೊಡೆ ಬ್ಯಾಡ ಅಂತ ಬರಿ," ಅಂದ. "ಆ ಬಯ್ಲಲ್ಲಿ ಗಾಳಿಗೆ ತಿರುಗ್ಕೊಂಡ್ಬುಡ್ತದೆ. ನೆಲಕ್ ಕುಟ್ಟಿ ಕುಟ್ಟಿ ಬಗ್ಗುಸ್ಬೇಕಾಯ್ತದೆ."

ನಾನು ನಕ್ಕೆ. ಆಮೇಲೆ ನಗು ಅರ್ಧಕ್ಕೇ ನಿಂತಿತು. ನೆಲಕ್ಕೆ ಕುಟ್ಟಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ನೀನ್ ಬಂದಿದ್ದಾ?"

"ಬೇಲಿ ಹತ್ರ ಇದ್ದೆ."

ಒಬ್ಬನೇ ಬಂದಿರಲಿಲ್ಲ. ತನ್ನ ಲೈನಿನ ಇಬ್ಬರನ್ನು ಕರೆದುಕೊಂಡು ಬಂದಿದ್ದನಂತೆ. ಮಗಳು ಇಂಜಿನ್ ವಿಷಯ ಹೇಗೆ ಬಾಯಿಪಾಠ ಒಪ್ಪಿಸುತ್ತಾಳೆ ನೋಡಿ ಬನ್ನಿ ಎಂದು, ಇಬ್ಬರಿಗೂ ಭಾನುವಾರದ ಓಟಿ ಬಿಡಿಸಿ ಕರೆತಂದಿದ್ದನಂತೆ. ಅವರು ಅದಕ್ಕೆ ಮುಂಚೆ ನನ್ನನ್ನು ನೋಡಿದವರಲ್ಲ. ಬೇಲಿಯ ಹತ್ತಿರ ಮೂರೂ ಜನ ನಿಂತು ಹುಡುಕುತ್ತಿದ್ದಾಗ ಗಾಳಿ ಬಂತು.

"ನಿನ್ ಮಗಳು ಎಲ್ಲಪ್ಪಾ ಅಂತ ಕೇಳುದ್ರು," ಅಪ್ಪ ಸ್ಕ್ರೂ ಬಿಟ್ಟು ಕೈ ಒರೆಸಿಕೊಂಡ. "ಇನ್ನೂ ಬಂದಿಲ್ಲ ಕಣ್ರಲಾ ಅಂದ್ಬುಟ್ಟೆ. ನೀನ್ ಕಣ್ಮುಂದೇ ಇದ್ದೆ. ಬಂದಿಲ್ಲ ಅಂದ್ಬುಟ್ಟೆ."

ಲಂಗದ ವಿಷಯ ಎತ್ತುತ್ತಾನೆ ಎಂದು ಕಾದೆ. ಅದನ್ನು ಅವನು ಎತ್ತಲೇ ಇಲ್ಲ. ಇಂಜಿನ್ ಅಷ್ಟು ಚೆನ್ನಾಗಿ ಬರುತ್ತಿತ್ತು ನಿನಗೆ, ಒಬ್ಬನೂ ಕೇಳಲಿಲ್ಲವಲ್ಲ, ನಾನಾದರೂ ಬೇಲಿ ದಾಟಿ ಬಂದು ಕೇಳಬಹುದಿತ್ತಲ್ಲ ಅಂದ. ನಾಲ್ಕು ಜನ ಕೇಳಿದರು ಅಂತ ನೀನು ಹೇಳಿದಾಗ ನಿನ್ನ ಮುಖ ನೋಡಲಾಗಲಿಲ್ಲ, ಅದಕ್ಕೇ ಬೆಳಿಗ್ಗೆಯೇ ಶೋರೂಮಿಗೆ ಕರೆದುಕೊಂಡು ಹೋದೆ, ಅಲ್ಲಾದರೂ ನಿನ್ನನ್ನು ಕೇಳಲಿ ಅಂತ ಅಂದ. ನನ್ನ ಸುಳ್ಳಿಗೆ ಹಿಗ್ಗಿ ಕೊಡಿಸಿದ ಕೆಲಸ ಎಂದು ನಾನು ಇಷ್ಟು ವರ್ಷ ಬೇಯುತ್ತಿದ್ದೆ. ಅಪ್ಪ ತನ್ನ ಸುಳ್ಳಿಗಾಗಿ ಬೇಯುತ್ತಿದ್ದ. ಒಂದೇ ಮನೆಯಲ್ಲಿ, ಒಂದೇ ಭಾನುವಾರದ ಬಗ್ಗೆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು. ನಾನು ಅತ್ತುಬಿಟ್ಟೆ. ಅಪ್ಪ ಮಿಕ್ಸಿ ಒರೆಸುವ ಬಟ್ಟೆಯನ್ನೇ ಕಣ್ಣೊರೆಸಿಕೋ ಅಂತ ಚಾಚಿದ, ಗ್ರೀಸು ನೋಡಿ ಹಿಂದಕ್ಕೆ ತೆಗೆದುಕೊಂಡ.

ಫೋನ್ ಮತ್ತೆ ಟಿಣ್ ಅಂದಿತು. ಕಮಿಟಿಯ ಹಿರಿಯರು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದ್ದರು. ಈ ಸಲ ಅಳಿಸಲಿಲ್ಲ. ನಾಲ್ವರು ಹುಡುಗಿಯರೂ ಬರುತ್ತಾರೆ, ಒಪ್ಪಿದಷ್ಟು ದುಡ್ಡು ಕೊಡಬೇಕು. ಕೊಡೆ ಇಲ್ಲ, ಗಿಡ್ಡ ಲಂಗ ಇಲ್ಲ. ಗಾಡಿಗಳ ಪಕ್ಕ ನಿಂತು ಇಂಜಿನ್ ವಿಷಯ ಹೇಳುತ್ತಾರೆ, ಕಲಿಸುವುದು ನನಗೆ ಬಿಡಿ. ಅವರ ಮನೆಯವರನ್ನು ಬೇಲಿಯ ಒಳಗೆ ಬಿಡಬೇಕು ಎಂದು ಬರೆದು ಕಳಿಸಿದೆ. ಸರಿಯಾಯಿತೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ.

ಮಹಡಿಯ ಹುಡುಗಿಯನ್ನು ಕೂಗಿ ಕರೆದು ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿಸಿಕೊಂಡಳು. ಭಾನುವಾರ ಉಳಿಯಿತಲ್ಲ ಎಂದು ಖುಷಿಯೇನೋ ಆಯಿತು, ಪಾಠ ಅಂದದ್ದಕ್ಕೆ ಮುಖ ಹುಳ್ಳಗಾಯಿತು. ನನಗೆ ಇಂಜಿನ್ ಅಂದರೆ ಏನೂ ಗೊತ್ತಿಲ್ಲ ಅಂದಳು. ಅಪ್ಪ ಆಗಲೇ ಅಡುಗೆಮನೆಗೆ ಹೋಗಿ ಎರಡು ಲೋಟ ತರುತ್ತಿದ್ದ.

"ಅಲ್ಲಕ್ಕಾ, ಕಷ್ಟಪಟ್ಟು ಕಲ್ತು ನಿಂತ್ಕೊಂಡೆ ಅನ್ನಿ," ಅಂದಳು ಅವಳು. "ಯಾರೂ ಕೇಳ್ದಿದ್ರೆ?"

ಅಪ್ಪ ದೊಡ್ಡ ಲೋಟವನ್ನು ಅವಳ ಕೈಗೆ ಕೊಟ್ಟ.

"ಈ ಸಲ ನಾನ್ ಬಂದು ಕೇಳ್ತೀನಿ ಬಿಡಮ್ಮಿ," ಅಂದ.